ಸೇತುವೆಯವರೆಗಿನ ಕೂಗು

ಹತ್ತನೆಯ ಸಂಜೆಯೂ ಆ ಕೂಗು ತಪ್ಪಲಿಲ್ಲ.

ಹೊತ್ತು ಇಳಿದಿತ್ತು. ಎದುರು ಬೆಟ್ಟದ ನೆತ್ತಿಯ ಮೇಲೆ ಬೆರಳಗಲ ಬಿಸಿಲು ಉಳಿದಿತ್ತು, ಅಷ್ಟೆ. ರೈಲು ಸೇತುವೆಯ ತುದಿಯಲ್ಲಿ ಕೋವಿ ಹೆಗಲಿಗೇರಿಸಿ ನಿಂತಿದ್ದ ಮೆಲ್ಕ್ ಪ್ಲಾಂಟ್ಸರ್ ಕೇಳಬಾರದು ಎಂದುಕೊಂಡೇ ಮೇಲಕ್ಕೆ ಕಿವಿಗೊಟ್ಟ. ನೆಟ್ಟಗೆ ಎರಡು ಗಂಟೆಯ ಏರು ಹತ್ತಿದರೆ ಅವನ ಗೋಮಾಳ. ಅಲ್ಲಿ ಅವನ ಹನ್ನೊಂದು ಹಸು, ಅವನ ಬೇಸಿಗೆಯ ಗುಡಿಸಲು, ಅವನ ಹೆಂಡತಿ ಆಗಾಥಾ. ಗುಡಿಸಲ ಮುಂದಿನ ಶಿಲುಬೆಯ ಬುಡದಲ್ಲಿ ನಿಂತು, ಹಾಲು ಸೋಸುವ ಮರದ ಆಲಿಕೆಯನ್ನು ಬಾಯಿಗಿಟ್ಟುಕೊಂಡು ಯಾರೋ ಸಂಜೆಯ ಪ್ರಾರ್ಥನೆ ಕೂಗುತ್ತಿದ್ದರು. ದನಿ ಬಂಡೆಯಿಂದ ಬಂಡೆಗೆ ಇಳಿದು, ಕಂದರದ ನೀರಿನ ಸದ್ದನ್ನು ದಾಟಿ, ಸೇತುವೆಗೆ ಬರುತ್ತಿತ್ತು.

*ಕಲ್ಲು ಕೇಳಲಿ, ಕಣಿವೆ ಕೇಳಲಿ,*
*ಬಾಯಿಲ್ಲದ ದನಕ್ಕೆ ದೇವರ ಕಾವಲಿರಲಿ.*
*ಮಾತೆ ಮರಿಯ ಬಾಗಿಲಲ್ಲಿ ಕೂತಿರಲಿ,*
*ಸಂತ ವೆಂಡೆಲಿನ್ ಬೇಲಿ ಸುತ್ತಿ ಬರಲಿ.*
*ಈ ದನಿ ಹೋದಷ್ಟು ದೂರ*
*ಕೇಡು ಕಾಲಿಡದಿರಲಿ.*

ಪ್ಲಾಂಟ್ಸರ್ ಮನೆತನದ ಗಂಡಸರು ಅಪ್ಪನಿಂದ ಮಗನಿಗೆ ಬಾಯಿಪಾಠವಾಗಿ ಕೊಟ್ಟುಕೊಂಡು ಬಂದ ಸಾಲುಗಳು ಅವು. ಪುಸ್ತಕದಲ್ಲಿಲ್ಲ. ಮೆಲ್ಕ್ ಅವನ್ನು ಅಪ್ಪನ ಮೊಣಕಾಲ ಮೇಲೆ ಕೂತು ಕೇಳಿ ಕಲಿತಿದ್ದ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ದೇವಮಾತೆಯ ಹೆಸರು ‘ಮರಿಯ’ ಎಂಬಲ್ಲಿ ದನಿಯನ್ನು ಎಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಿಸಬೇಕು, ಎಲ್ಲಾ. ದನಿ ಮುಟ್ಟಿದ ಜಾಗವೆಲ್ಲ ಆ ರಾತ್ರಿಯ ಮಟ್ಟಿಗೆ ದೇವರ ಬೇಲಿಯೊಳಗೆ. ಮುಟ್ಟದ ಜಾಗ ಬೇಲಿಯ ಹೊರಗೆ. ಆ ಕಣಿವೆಯಲ್ಲಿ ಇದನ್ನು ಯಾರೂ ವಾದಿಸುತ್ತಿರಲಿಲ್ಲ. ಹಾಲು ಕರೆಯುವುದು ಹೇಗೋ ಹಾಗೆ ಇದೂ ದಿನದ ಕೆಲಸ.

ಈಗ ಆ ಕೆಲಸವನ್ನು ಒಬ್ಬ ಪೋಲೆಂಡಿನವನು ಮಾಡುತ್ತಿದ್ದ.

“ಏನೋ ಮೆಲ್ಕ್,” ಸೇತುವೆಯ ಇನ್ನೊಂದು ತುದಿಯಿಂದ ಹೆರ್ಗರ್ ಕೂಗಿದ. ಪಕ್ಕದ ಗೋಮಾಳದವನು, ಇವನ ಜೊತೆಗೇ ಸೈನ್ಯದ ಕರೆ ಬಂದವನು. “ನಿನ್ನ ಹೆಂಡ್ತಿ ದನಿ ಒಡೆದು ಗಂಡುದನಿ ಆಗಿದೆಯಲ್ಲೋ! ಮೀಸೆನೂ ಬಂದಿರ್ಬೇಕು ನೋಡು.”

“ಬಾಯಿ ಮುಚ್ಚು.”

“ನಾನು ಮುಚ್ತೀನಪ್ಪ. ಮೇಲಿರೋನು ಮುಚ್ಬೇಕಲ್ಲ.”

ಯುದ್ಧದ ಮೂರನೆಯ ಬೇಸಿಗೆ ಅದು. ಉತ್ತರಕ್ಕೆ ಜರ್ಮನಿ, ದಕ್ಷಿಣಕ್ಕೆ ಇಟಲಿ, ನಡುವೆ ಯಾರ ಕಡೆಗೂ ಸೇರದ ಇವರ ದೇಶ, ಇವರ ದೇಶದ ನಡುವೆ ಈ ರೈಲು ದಾರಿ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಗಾಡಿ ಕಲ್ಲಿದ್ದಲು ಮುಚ್ಚಿದ ಡಬ್ಬಿಗಳಲ್ಲಿ ಜರ್ಮನಿಯಿಂದ ಇಟಲಿಗೆ ಹೋಗುತ್ತಿತ್ತು. ಅದಕ್ಕೆ ದಾರಿ ಬಿಟ್ಟದ್ದರಿಂದಲೇ ಇವರ ಮನೆಯ ಒಲೆಗೂ ಒಂದಿಷ್ಟು ಕಲ್ಲಿದ್ದಲು ಬರುತ್ತಿತ್ತು. ಇತ್ತ ಜರ್ಮನಿಯ ಜೊತೆ ಕಾದಾಡಿ ಸೋತು, ಎರಡು ವರ್ಷದ ಹಿಂದೆ ಫ್ರಾನ್ಸಿನ ಗಡಿ ದಾಟಿ ಬಂದು ಆಯುಧ ಕೆಳಗಿಟ್ಟ ಪೋಲಿಷ್ ಸೈನಿಕರೂ ಇಲ್ಲೇ ಇದ್ದರು. ಅವರಿಗೆ ಊರಾಚೆ ಶಿಬಿರ, ಹಗಲು ರೈತರ ಮನೆಯಲ್ಲಿ ಕೆಲಸ, ಸಂಜೆ ಏಳರೊಳಗೆ ವಾಪಸು. ಗಂಡಸರು ಕಾವಲಿಗೆ ಹೋಗಿ ಕೈ ಸಾಲದ ಮನೆಗಳಿಗೆ ಸರ್ಕಾರವೇ ಅವರನ್ನು ಹಂಚಿಕೊಟ್ಟಿತ್ತು. ಪ್ಲಾಂಟ್ಸರ್ ಗೋಮಾಳಕ್ಕೆ ಬಂದವನ ಹೆಸರು ವಿಟೋಲ್ಡ್. ಮೆಲ್ಕ್ ಅವನ ಮುಖವನ್ನೇ ಕಂಡಿರಲಿಲ್ಲ. ದನಿಯನ್ನು ಮಾತ್ರ ಬಲ್ಲ.

ಮೊದಲ ಸಂಜೆ ಆ ದನಿ ಎಡವಿತ್ತು. ದನ ಕಾಯುವವರ ಸಂತ ‘ವೆಂಡೆಲಿನ್’ ಎಂಬಲ್ಲಿ ನಾಲಿಗೆ ಹೊರಳದೆ ತಡವರಿಸಿತ್ತು. ಮೆಲ್ಕ್‌ಗೆ ನಗು ಬಂದಿತ್ತು. ಎರಡನೆಯ ಸಂಜೆ ಎರಡೇ ತಪ್ಪು. ನಾಲ್ಕನೆಯ ಸಂಜೆ ಒಂದು. ಆರನೆಯ ಸಂಜೆ ಒಂದೂ ಇರಲಿಲ್ಲ. ಅಂದಿನಿಂದ ಮೆಲ್ಕ್‌ಗೆ ಬ್ರೆಡ್ಡು ಬೇಡವಾಯಿತು. ತಪ್ಪು ತಾನಾಗಿ ಸರಿಹೋಗುವುದಿಲ್ಲ. ಯಾರೋ ಪಕ್ಕದಲ್ಲಿ ಕೂತು ತಿದ್ದಬೇಕು. ತಿದ್ದುವುದೆಂದರೆ ಆಗಾಥಾ ಹಾಲು ಕರೆಯುವ ಮಣೆಯ ಮೇಲೆ ಕೂತು, ಬೆರಳಲ್ಲಿ ಬಕೆಟ್ಟಿನ ಅಂಚಿಗೆ ತಾಳ ಹಾಕುತ್ತ, ‘ಅಲ್ಲ, ಹಾಗಲ್ಲ, ಇನ್ನೊಂದ್ಸಲ’ ಎನ್ನುವುದು. ಅವನು ಅವಳ ಬಾಯನ್ನೇ ನೋಡುತ್ತ ಹೇಳುವುದು. ಸಾಲು ಸರಿಯಾದಾಗ ಅವಳು ನಗುವುದು. ಅವಳಿಗೆ ನಗು ಬಂದರೆ ಮೊದಲು ಮೂಗು ಸುಕ್ಕಾಗುತ್ತದೆ. ಆ ಸುಕ್ಕನ್ನು ಈಗ ಯಾವನೋ ಕಾಣುತ್ತಿದ್ದಾನೆ.

ಇದೂ ಸಾಲದು ಎಂಬಂತೆ ಏಳನೆಯ ಸಂಜೆ ಕೊನೆಯಲ್ಲಿ ಹೊಸ ಸಾಲೊಂದು ಕೇಳಿಸಿತು. ಅಪ್ಪ ಹೇಳಿಕೊಡದ ಸಾಲು. ನೀರಿನ ಸದ್ದಿನಲ್ಲಿ ಅದನ್ನು ಬಿಡಿಸಿ ಕೇಳಲು ಅವನಿಗೆ ಮೂರು ಸಂಜೆ ಬೇಕಾಯಿತು. ಇಂದು, ಹತ್ತನೆಯ ಸಂಜೆ, ಗಾಳಿ ನಿಂತಿತ್ತು, ಪೂರ್ತಿ ಕೇಳಿತು.

*ಕೆಳಗೆ ಸೇತುವೆ ಕಾಯುವವನನ್ನೂ ಕಾಯಲಿ,*
*ಅವನ ಮುಂದೆ ಹಾದುಹೋಗುವುದನ್ನೂ ಕಾಯಲಿ.*

“ಕೇಳಿಸ್ತಾ?” ಎಂದ ಹೆರ್ಗರ್, ಈ ಸಲ ಮೆಲ್ಲಗೆ. “ನಿನ್ನ ಮೇಲೂ ಆಶೀರ್ವಾದ ಬಿತ್ತಲ್ಲೋ.”

ಮೇಲಿನವನು ಬೈದಿದ್ದರೆ ಮೆಲ್ಕ್ ತಡೆದುಕೊಳ್ಳುತ್ತಿದ್ದ. ತನ್ನ ಅಪ್ಪನ ಆಲಿಕೆಯಲ್ಲಿ, ತನ್ನ ಹೆಂಡತಿಯ ಪಕ್ಕ ನಿಂತು, ಇವನು ಯಾರು ತನ್ನನ್ನು ಕಾಯುವವನು?

*

ಮರುದಿನ ಸೇತುವೆ ಕಾವಲಿನ ಮುಖ್ಯಸ್ಥ ಕಾರ್ಪೊರಲ್ ಷೆಲ್ಲಿಂಗ್ ಕಾವಲು ಕೋಣೆಯ ಮೇಜಿನ ಮೇಲೆ ಒಂದು ಸುತ್ತೋಲೆ ಇಟ್ಟುಕೊಂಡು ಮೆಲ್ಕ್‌ನನ್ನು ಕರೆದ. ಷೆಲ್ಲಿಂಗ್ ಬಯಲುಸೀಮೆಯವನು, ಪ್ರೊಟೆಸ್ಟಂಟ್. ಪ್ರಾರ್ಥನೆಯನ್ನು ಕೋಣೆಯೊಳಗೆ ಮೆಲ್ಲಗೆ ಮಾಡಬೇಕು ಎಂದು ನಂಬಿದವನು. ಕೆಟ್ಟವನಲ್ಲ. ಪೆನ್ಸಿಲನ್ನು ಮಾತ್ರ ಯಾವಾಗಲೂ ಚೂಪಾಗಿ ಇಟ್ಟುಕೊಂಡಿರುತ್ತಿದ್ದ.

“ಶಿಬಿರದವರು ಬರೆದಿದ್ದಾರೆ. ಏಳು ಗಂಟೆ ಮೇಲೆ ಹೊರಗೆ ಕಾಣಿಸೋ ಪೋಲರನ್ನ ವರದಿ ಮಾಡ್ಬೇಕಂತೆ. ಸಿಕ್ಕಿದವರು ನೇರ ಶಿಕ್ಷಾ ಶಿಬಿರಕ್ಕೆ. ಸಂಜೆ ಎಂಟರ ಸುಮಾರಿಗೆ ಮೇಲಿಂದ ಯಾರೋ ಕೂಗ್ತಾರಲ್ಲ, ಅದು ನಿಮ್ಮ ಜಾಗ ತಾನೆ? ಯಾರು ಅದು?”

ಮೆಲ್ಕ್‌ನ ನಾಲಿಗೆಯ ತುದಿಯಲ್ಲೇ ಹೆಸರಿತ್ತು. ಆದರೂ ಒಂದು ಗಳಿಗೆ ತಡೆದ. ತನ್ನ ಕಣ್ಣಲ್ಲಿ ಕಾಣದೆ ಹೇಳಿದರೆ ಅದು ಹೊಟ್ಟೆಕಿಚ್ಚು. ಕಂಡು ಹೇಳಿದರೆ ಕರ್ತವ್ಯ. ಅವನಿಗೆ ಕರ್ತವ್ಯವೇ ಬೇಕಾಗಿತ್ತು.

“ಭಾನುವಾರ ನಂಗೆ ಅರ್ಧ ದಿನ ರಜೆ ಇದೆ ಸಾಹೇಬ್ರೇ. ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ.”

“ಸಂಜೆ ನನ್ನ ಪುಸ್ತಕ ತೆರೆದಿರತ್ತೆ,” ಎಂದ ಷೆಲ್ಲಿಂಗ್. ಆಮೇಲೆ, ಮೆಲ್ಕ್‌ನ ಮುಖ ಕಂಡು ಏನನ್ನಿಸಿತೋ, ದನಿ ತಗ್ಗಿಸಿದ. “ನಂಗೇನು ಆ ಬಡಪಾಯಿಗಳ ಮೇಲೆ ದ್ವೇಷ ಇಲ್ಲ, ಪ್ಲಾಂಟ್ಸರ್. ನಾವು ಯಾರ ಕಡೆನೂ ಅಲ್ಲ. ರೈಲು ಹೊತ್ತಿಗೆ ಸರಿಯಾಗಿ ಹೋಗ್ಬೇಕು, ಪೋಲರು ಹೊತ್ತಿಗೆ ಸರಿಯಾಗಿ ಎಣಿಕೆಗೆ ಸಿಗ್ಬೇಕು. ಒಂದು ತಪ್ಪಿದ್ರೂ ಜರ್ಮನರ ರಾಯಭಾರಿ ರಾಜಧಾನಿ ಬರ್ನ್‌ನಲ್ಲಿ ಮೇಜು ಗುದ್ತಾನೆ. ಈ ದೇಶ ಉಳಿದಿರೋದೇ ಹೀಗೆ.”

*

ಭಾನುವಾರ ಪೂಜೆ ಮುಗಿದದ್ದೇ ಮೆಲ್ಕ್ ಹತ್ತತೊಡಗಿದ. ಸಮವಸ್ತ್ರ ಬದಲಿಸಿರಲಿಲ್ಲ, ಬೇಕೆಂದೇ ಬದಲಿಸಿರಲಿಲ್ಲ. ಕೋವಿಯೂ ಬೆನ್ನಲ್ಲಿತ್ತು.

ಬೇಲಿಯ ಹತ್ತಿರ ಒಬ್ಬ ಮನುಷ್ಯ ಕಂಬ ನೆಡುತ್ತಿದ್ದ. ಎತ್ತರದವನಲ್ಲ. ತಲೆಯ ಮುಂಭಾಗ ಬೋಳಾಗತೊಡಗಿತ್ತು. ಎಡಗೈಯಲ್ಲಿ ಎರಡು ಬೆರಳಿಲ್ಲ. ಇಷ್ಟು ದಿನ ಆ ದನಿಗೆ ಮೆಲ್ಕ್ ಮನಸ್ಸಿನಲ್ಲೇ ಒಂದು ಎತ್ತರ, ಒಂದು ಗುಂಗುರು ಕೂದಲು ಕೊಟ್ಟಿದ್ದ. ಅವೆರಡೂ ಇಲ್ಲದ್ದು ಸಮಾಧಾನ ತರಲಿಲ್ಲ. ರೂಪವಿದ್ದಿದ್ದರೆ ರೂಪವನ್ನು ಬೈಯಬಹುದಿತ್ತು.

ಅವನು ಮೆಲ್ಕ್‌ನನ್ನು ಕಂಡವನೇ ಸುತ್ತಿಗೆ ಕೆಳಗಿಟ್ಟು, ನೆಟ್ಟಗೆ ನಿಂತು, ಸೈನಿಕ ಸೈನಿಕನಿಗೆ ಮಾಡುವಂತೆ ಸಲಾಮು ಮಾಡಿದ. “ಯಜಮಾನ್ರು,” ಎಂದ. ಪ್ರಶ್ನೆಯೇನೂ ಅಲ್ಲ.

ಮೆಲ್ಕ್‌ನ ಕೈ ಅರ್ಧ ಎದ್ದು ಇಳಿಯಿತು. ಮೂರು ವರ್ಷ ಹೊತ್ತ ಕೋವಿ ಗುರಿಕಟ್ಟೆಯಲ್ಲಿ ಬಿಟ್ಟರೆ ಎಲ್ಲೂ ಸಿಡಿದಿರಲಿಲ್ಲ. ಎರಡು ಬೆರಳು ಕಳೆದುಕೊಂಡವನಿಂದ ಸಲಾಮು ಪಡೆಯಲು ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದ್ದಕ್ಕೆ ಸಿಟ್ಟು ಬಂತು.

“ಎಲ್ಲಿ ಹೋಯ್ತು ಬೆರಳು?”

“ಫ್ರಾನ್ಸ್‌ನಲ್ಲಿ. ನಾವು ಸೋತ ದಿನ.” ಅವನ ಮಾತಿನಲ್ಲಿ ಕಣಿವೆಯ ಉಚ್ಚಾರವಿತ್ತು. ಅದೂ ಆಗಾಥಾಳದ್ದೇ ಉಚ್ಚಾರ. “ನೀವು ಆ ಸೇತುವೆ ಕಾಯೋರು. ನಂಗೊತ್ತು. ಇಲ್ಲಿಂದ ಕಾಣತ್ತೆ.”

ಕೆಳಗೆ, ಬೆಂಕಿಪೊಟ್ಟಣದಷ್ಟು ಉದ್ದದ ಸೇತುವೆಯ ಮೇಲೆ ಕಲ್ಲಿದ್ದಲಿನ ಗಾಡಿಯೊಂದು ಹರಿಯುತ್ತಿತ್ತು.

“ಅದು ನಮ್ಮೂರಿಂದು,” ಎಂದ ವಿಟೋಲ್ಡ್. “ಕಲ್ಲಿದ್ದಲು. ನಮ್ಮೂರ ಗಣಿಯನ್ನ ಜರ್ಮನರು ತಗೊಂಡ್ರು. ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಾನೆ, ಬದುಕಿದ್ರೆ. ಆ ಡಬ್ಬಿಲಿ ಅವನು ಅಗೆದ ಕಲ್ಲಿದ್ದಲೂ ಇರ್ಬಹುದು. ನೀವು ಕಾಯ್ತೀರಿ. ಒಳ್ಳೇದು.”

ಅವನು ಕುಹಕವಾಡುತ್ತಿದ್ದಾನೆಯೇ ಎಂದು ಮೆಲ್ಕ್ ಅವನ ಮುಖ ಹುಡುಕಿದ. ಇರಲಿಲ್ಲ. ಅದೇ ಇನ್ನೂ ಕೆಟ್ಟದ್ದಾಗಿತ್ತು. ಹಗಲೂ ಇರುಳೂ ತಾನು ಕಾಯುತ್ತಿದ್ದ ರೈಲಿನಲ್ಲೂ ಇವನಿಗೊಂದು ಪಾಲಿತ್ತು, ತನಗಿರಲಿಲ್ಲ.

ಗುಡಿಸಲಿನೊಳಗೆ ಆಗಾಥಾ ತಾಮ್ರದ ಕಡಾಯಿ ಉಜ್ಜುತ್ತಿದ್ದಳು. ತೋಳಿನ ತುಂಬ ಚೀಸು ಮಾಡಿ ಉಳಿದ ಹಾಲಿನ ನೀರು. ಅವನನ್ನು ಕಂಡು ಮೂಗು ಸುಕ್ಕಾಗಿಸಿದಳು. ಅವನ ಮುಖ ಕಂಡು ಸುಕ್ಕು ಬಿಡಿಸಿಕೊಂಡಳು.

“ಕೂತ್ಕೋ. ಹಾಲು ಕುಡೀತೀಯಾ?”

“ಅವನ ಕೈಲಿ ನಮ್ಮಪ್ಪನ ಕೂಗು ಯಾಕೆ ಕೂಗಿಸ್ದೆ?”

“ಓಹೋ. ಕೋವಿ ತಂದಿದ್ದು ಇದಕ್ಕಾ?”

“ಕೇಳಿದ್ದಕ್ಕೆ ಹೇಳು.”

“ಈ ಸಲ ನೀನು ಹೋದ್ಮೇಲೆ ಮೂರು ವಾರ ಇಲ್ಲಿ ಕೂಗಿರ್ಲಿಲ್ಲ ಮೆಲ್ಕ್. ಕಂದು ಹಸು ಬಂಡೆಯಿಂದ ಬಿದ್ದು ಸತ್ತೋಯ್ತು. ಅದು ಕಾಲು ಜಾರಿ ಬಿದ್ದಿದ್ದೂ ಇರ್ಬಹುದು, ನಂಗೊತ್ತಿಲ್ಲ. ಆದ್ರೆ ಅವತ್ತು ಸಂಜೆ ನಾನು ಶಿಲುಬೆ ಹತ್ರ ಹೋಗಿ ಆಲಿಕೆ ಎತ್ತಿದೆ. ಬಾಯಿಗಿಡೋಕೆ ಆಗ್ಲಿಲ್ಲ. ಈ ಕಣಿವೇಲಿ ಹೆಂಗಸು ಯಾವತ್ತು ಕೂಗಿದಾಳೆ? ಅಳ್ತಾ ಕೂತಿದ್ದೆ. ಅವನು ಶಿಬಿರಕ್ಕೆ ಹೊರಟೋನು ವಾಪಸು ಬಂದು, ‘ಹೇಳ್ಕೊಡಿ ಅಮ್ಮ, ನಾನು ಕೂಗ್ತೀನಿ, ನಮ್ಮ ಮಾತೆ ಮರಿಯನೂ ಅವಳೇ ಅಲ್ವಾ’ ಅಂದ.”

“ಆಮೇಲೆ ದಿನಾ ಹೇಳ್ಕೊಟ್ಟೆ.”

“ಹೌದು. ದಿನಾ ಹೇಳ್ಕೊಟ್ಟೆ.”

“ಪಕ್ಕದಲ್ಲಿ ಕೂತು.”

“ಇನ್ನೇನು ಮರ ಹತ್ತಿ ಕೂತು ಹೇಳ್ಕೊಡ್ಲಾ?” ಅವಳು ಕಡಾಯಿಯನ್ನು ದಡಾರನೆ ಬೋರಲು ಹಾಕಿದಳು. “ಕೂಗಿ ಮುಗಿಸಿ ಓಡ್ತಾನೆ. ಶಿಬಿರದ ಹಿಂದಿನ ಬೇಲಿ ನುಸುಳಿ ಹೋಗ್ತಾನೆ. ಅವನ ಜೊತೆಯವರು ಹಾಸಿಗೇಲಿ ಅವನ ಕೋಟು ಮಲಗಿಸಿರ್ತಾರೆ. ಊರಿಗೆಲ್ಲ ಗೊತ್ತು. ಪಾದ್ರಿಗೂ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ. ನೀನೂ ಬಿಡ್ಬೇಡ.”

“ಆ ಕೊನೇ ಸಾಲು? ಅದು ನಮ್ಮಪ್ಪಂದಲ್ಲ.”

ಅವಳು ತೋಳಿನ ನೀರು ಒರೆಸಿಕೊಂಡಳು. “ಮೊದಲರ್ಧ ನಂದು. ನಂಗೆ ಕೂಗೋಕಾಗಲ್ಲ, ನಿಂಗೆ ಬರೋಕಾಗಲ್ಲ. ಅವನ ಬಾಯಲ್ಲಿ ಕಳಿಸ್ದೆ. ಹಾದುಹೋಗೋದನ್ನೂ ಕಾಯಲಿ ಅನ್ನೋದನ್ನ ಅವನೇ ಸೇರಿಸ್ಕೊಂಡ. ಯಾಕೆ ಅಂತ ನಾನು ಕೇಳ್ಲಿಲ್ಲ.”

ಆ ಮೊದಲರ್ಧ ಅವನ ಎದೆಯನ್ನು ಮೆತ್ತಗೆ ಮಾಡಬೇಕಿತ್ತು. ಮಾಡಿತು ಕೂಡ. ಆದರೆ ಅವನು ಕೇಳಬಾರದ್ದನ್ನು ಕೇಳಿಬಿಟ್ಟ:

“ಅವನ ದನಿ ನನ್ನದಕ್ಕಿಂತ ಚೆನ್ನಾಗಿದೆಯಾ?”

ಆಗಾಥಾ ಸುಳ್ಳು ಹೇಳಬಲ್ಲವಳಾಗಿದ್ದರೆ ಆ ಮಧ್ಯಾಹ್ನ ಬೇರೆಯೇ ಆಗಿರುತ್ತಿತ್ತು. “ಚೆನ್ನಾಗಿದೆ,” ಎಂದಳು. “ದನಗಳೂ ಬೇಗ ಮಲಗ್ತವೆ.”

ಅವಳು ನೀರು ತರಲು ತೊಟ್ಟಿಗೆ ಹೋದಾಗ ಮೆಲ್ಕ್ ಎದ್ದ. ಬಾಗಿಲ ಪಕ್ಕದ ಮೊಳೆಯಲ್ಲಿ ಆಲಿಕೆ ತೂಗುತ್ತಿತ್ತು. ಅಜ್ಜ ಕೆತ್ತಿದ್ದು. ಬಾಯಿಡುವ ಅಂಚು ಮೂರು ತಲೆಮಾರಿನ ತುಟಿ ತಾಗಿ ನುಣುಪಾಗಿತ್ತು; ಅದರ ಮೇಲೆ ನಿನ್ನೆ ಸಂಜೆ ತಾಗಿದ್ದು ನಾಲ್ಕನೆಯವನ ತುಟಿ. ಮೆಲ್ಕ್ ಅದನ್ನು ತೆಗೆದು ಚೀಲಕ್ಕೆ ತುರುಕಿ, ಚೀಲದ ಬಾಯಿ ಬಿಗಿದು, ಹೇಳದೆ ಕೇಳದೆ ಇಳಿದುಬಿಟ್ಟ. ಬೇಲಿಯ ಹತ್ತಿರ ಆ ಮನುಷ್ಯ ಮತ್ತೆ ಸಲಾಮು ಮಾಡಿದ. ಇವನು ಆ ಕಡೆ ನೋಡಲಿಲ್ಲ.

ಅರ್ಧ ದಾರಿಗೆ ಬರುವಾಗ ಚೀಲದಲ್ಲಿ ಆಲಿಕೆ ಬೆನ್ನೆಲುಬಿಗೆ ಒತ್ತತೊಡಗಿತ್ತು. ಕದ್ದ ಸಾಮಾನು ಎಂಬ ಮಾತು ಅವನ ಮನಸ್ಸಿಗೆ ಬಂತು. ‘ನಮ್ಮಪ್ಪಂದು, ನಂದು,’ ಎಂದು ಗಟ್ಟಿಯಾಗಿ ಹೇಳಿಕೊಂಡು ಇಳಿದ.

*

ಸಂಜೆ ಮೆಲ್ಕ್ ಪಹರೆಗೆ ನಿಂತಾಗ ಕಾರ್ಪೊರಲ್ ಷೆಲ್ಲಿಂಗ್ ತಾನೇ ಸೇತುವೆಗೆ ಬಂದ. ಕಂಕುಳಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. “ಬರೋಬ್ಬರಿ ಎಂಟಕ್ಕೆ ಕೂಗ್ತಾನಲ್ಲ, ಕೇಳಿಯೇ ಬರ್ಕೊಳ್ಳೋಣ,” ಎಂದ.

ಬಿಸಿಲು ಬೆಟ್ಟದ ನೆತ್ತಿ ಬಿಟ್ಟಿತು. ಅಕ್ಕಪಕ್ಕದ ಗೋಮಾಳಗಳ ಕೂಗು ಒಂದೊಂದಾಗಿ ಎದ್ದವು, ಇಳಿದವು. ಪ್ಲಾಂಟ್ಸರ್ ಗೋಮಾಳದಿಂದ ಏನೂ ಇಲ್ಲ. ಆ ಕಡೆಯ ಆಕಾಶ ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಹೆರ್ಗರ್ ಎರಡು ಸಲ ಮೇಲೆ ನೋಡಿದ, ಮೂರನೆಯ ಸಲ ಮೆಲ್ಕ್‌ನ ಕಡೆ ನೋಡಿದ. ಇಂದು ಅವನಿಗೆ ತಮಾಷೆ ಹುಟ್ಟಲಿಲ್ಲ.

“ಏನ್ಮಾಡಿ ಬಂದ್ಯೋ?”

ಮೆಲ್ಕ್ ಕೋವಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಬೇಡಿದ್ದು ಸಿಕ್ಕಿತ್ತು. ಆ ದನಿ ಇರಲಿಲ್ಲ. ಆದರೆ ದನಿ ಇಲ್ಲದ ಜಾಗದಲ್ಲಿ ಅವನ ಉಳಿದ ಹತ್ತು ಹಸು ನಿಂತಿದ್ದವು, ಆಗಾಥಾ ಬಾಗಿಲು ಹಾಕದೆ ನಿಂತಿದ್ದಳು. ಅವರೆಲ್ಲರ ಬೇಲಿ ಸೇತುವೆಯ ಕಾವಲು ಕೋಣೆಯಲ್ಲಿ, ಒಂದು ಚೀಲದೊಳಗೆ ಬಿದ್ದಿತ್ತು.

ಆಗ ಕೇಳಿಸಿತು. ಆಲಿಕೆಯಿಲ್ಲದೆ, ಬರಿಯ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಯಾರೋ ಕೂಗುತ್ತಿದ್ದರು. ಮಾತು ಬರಲಿಲ್ಲ, ಏರಿಳಿತವಷ್ಟೇ ಬಂತು. ಮೆಲ್ಕ್‌ಗೆ ಅಷ್ಟು ಸಾಕಿತ್ತು. ಇದು ಕಲ್ಲು, ಇದು ಕಣಿವೆ. ಇಲ್ಲಿ ಮಾತೆ ಮರಿಯ: ದನಿಯನ್ನು ಗಾಳಿಯಲ್ಲಿ ನಿಲ್ಲಿಸಬೇಕು, ನಿಲ್ಲಿಸಿದ, ದನಿ ನಡುಗಿತು. ಇದು ವೆಂಡೆಲಿನ್. ಎಂಟು ಬೆರಳಿನ ಕೈಗಳ ಸಂದಿಯಲ್ಲಿ ಅರ್ಧ ದನಿ ಸೋರಿಹೋಗುತ್ತಿತ್ತು. ‘ಈ ದನಿ ಹೋದಷ್ಟು ದೂರ’ ಎಂಬಲ್ಲಿಗೆ ಬರುವಾಗ ಗಂಟಲು ಹರಿದ ಸದ್ದು. ಆಮೇಲೆ ಸೇತುವೆಯ ಸಾಲು ಬರಬೇಕು. ಬರಲಿಲ್ಲ. ಮತ್ತೊಮ್ಮೆ ಶುರುವಾಯಿತು, ಅದೇ ಸಾಲಿಗಾಗಿ. ಮೊದಲ ಪದಕ್ಕೇ ಬಿರಿದು ನಿಂತಿತು. ಮೂರನೆಯ ಸಲ ಬರಿಯ ಉಸಿರು ಬಂದಿರಬೇಕು. ಕಂದರದ ನೀರು ಅದನ್ನು ನುಂಗಿತು.

ಮೆಲ್ಕ್ ತನ್ನ ಕಾಲ ಕೆಳಗಿನ ಹಲಗೆಗಳನ್ನು ನೋಡಿದ. ಇಂದು ಈ ಸೇತುವೆ ಹೊರಗೆ. ತಾನೇ ಹೊರಗಿಟ್ಟದ್ದು. ಆ ಮನುಷ್ಯ ತನ್ನವರಾರೂ ಇಲ್ಲದ ಬೆಟ್ಟದ ಮೇಲೆ ನಿಂತು, ಆಲಿಕೆ ಯಾರು ಒಯ್ದರೆಂದು ಚೆನ್ನಾಗಿ ಗೊತ್ತಿದ್ದೂ, ಒಯ್ದವನನ್ನು ಒಳಗೆ ಸೇರಿಸಿಕೊಳ್ಳಲು ಮೂರು ಸಲ ಗಂಟಲು ಹರಿದುಕೊಂಡಿದ್ದ.

“ಅವನೇ ಅಲ್ವಾ?” ಷೆಲ್ಲಿಂಗ್ ಪೆನ್ಸಿಲು ತೆಗೆದ. “ಹೇಳು ಪ್ಲಾಂಟ್ಸರ್. ಯಾರು?”

ಸುರಂಗದ ಕಡೆಯಿಂದ ಗಾಡಿಯ ಸಿಳ್ಳು ಬಂತು. ಹಳಿ ಸಣ್ಣಗೆ ಹಾಡತೊಡಗಿತು. ಹೆಸರು ಹೇಳಿದರೆ ನಾಳೆಯಿಂದ ಆ ದನಿ ಇರುವುದಿಲ್ಲ. ಮಣೆಯ ಪಕ್ಕದ ಜಾಗ ಖಾಲಿ. ಇಷ್ಟು ದಿನ ಅವನು ಬಯಸಿದ್ದು ಬಾಯಿ ತೆರೆದರೆ ಸಿಗುವಷ್ಟು ಹತ್ತಿರವಿತ್ತು.

“ನಮ್ಮ ದೊಡ್ಡಪ್ಪನ ಮಗ,” ಎಂದ ಮೆಲ್ಕ್. “ಬಾರ್ತ್ಲಿ.”

ಮೆಲ್ಕ್‌ನ ದೊಡ್ಡಪ್ಪ ಮದುವೆಯಾಗದೆ ಸತ್ತಿದ್ದ. ಅದು ಹೆರ್ಗರ್‌ಗೆ ಗೊತ್ತಿತ್ತು.

“ಬಾರ್ತ್ಲಿ,” ಎಂದ ಹೆರ್ಗರ್, ಮುಖ ನೆಟ್ಟಗಿಟ್ಟುಕೊಂಡು. “ಒಳ್ಳೆ ಹುಡುಗ ಸಾಹೇಬ್ರೇ. ಗಂಟಲು ಮಾತ್ರ ಎತ್ತಿಂದು. ಇವತ್ತು ಯಾಕೋ ನೆಗಡಿ ಹಿಡಿದಿರೋ ಹಾಗಿದೆ.”

“ಪೋಲ್ ಅಲ್ಲ?”

“ಪೋಲರ ಬಾಯಲ್ಲಿ ನಮ್ಮ ಕೂಗು ಬರತ್ತಾ ಸಾಹೇಬ್ರೇ?” ಎಂದ ಮೆಲ್ಕ್. ತನ್ನ ದನಿಯಲ್ಲಿದ್ದ ಕಹಿ ಅವನಿಗೇ ಕೇಳಿಸಿತು. ಆ ಕಹಿಯೇ ಸುಳ್ಳನ್ನು ನಂಬಿಸಿತು.

ಷೆಲ್ಲಿಂಗ್ ಅವನನ್ನು ತುಸು ಹೊತ್ತು ದಿಟ್ಟಿಸಿ, ಬರೆದುಕೊಂಡು, ಪುಸ್ತಕ ಮುಚ್ಚಿದ. ಗಾಡಿ ಬಂತು. ಮೂವರೂ ಕಟಕಟೆಗೆ ಒರಗಿ ದಾರಿ ಬಿಟ್ಟರು. ಮುಚ್ಚಿದ ಡಬ್ಬಿಗಳು ಒಂದರ ಹಿಂದೊಂದು ಮೆಲ್ಕ್‌ನ ಮುಂದೆ ಹಾದುಹೋದವು. ಯಾರೂ ಕೇಳದ ಹಾಗೆ, ಚಕ್ರಗಳ ಗದ್ದಲದೊಳಗೆ, ಉಳಿದುಹೋದ ಆ ಸಾಲನ್ನು ಅವನು ಬಾಯೊಳಗೇ ಹೇಳಿ ಮುಗಿಸಿದ. ಹಾದುಹೋಗುವುದನ್ನೂ ಕಾಯಲಿ ಎಂಬ ಅರ್ಧವನ್ನು ಹೇಳಲು ಮನಸ್ಸಿರಲಿಲ್ಲ. ಆದರೂ ಹೇಳಿದ.

ಬೆಳಿಗ್ಗೆ ದನಗಳಿಗೆ ಉಪ್ಪು ಹೊತ್ತು ಮೇಲೆ ಹೋಗುತ್ತಿದ್ದ ಹೆರ್ಗರ್‌ನ ತಂಗಿಯ ಕೈಗೆ ಚೀಲ ಕೊಟ್ಟ. “ಆಗಾಥಾಗೆ ಕೊಡು.”

“ಏನಂತ ಹೇಳ್ಲಿ?”

ಮೆಲ್ಕ್ ಅವಳ ಕೈಲಿದ್ದ ಚೀಲದ ಬಾಯಿಯನ್ನು ಮತ್ತೊಮ್ಮೆ ಬಿಗಿದ. “ಏಳು ಗಂಟೆ ಸುತ್ತೋಲೆ ಬಂದಿದೆ, ಹುಷಾರು ಅನ್ನು. ಯಾರಾದ್ರೂ ಕೇಳಿದ್ರೆ ಕೂಗೋನ ಹೆಸರು ಬಾರ್ತ್ಲಿ ಅನ್ನು.” ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿದ, “ಗಂಟಲಿಗೆ ಜೇನು ಹಾಕಿ ಬಿಸಿ ಹಾಲು ಕೊಡ್ಲಿ. ನನ್ನ ಲೋಟದಲ್ಲಿ ಮಾತ್ರ ಬೇಡ!”

ಸಂಜೆ ಕೂಗು ಬಂತು. ಗಂಟಲು ಇನ್ನೂ ಒರಟಾಗಿತ್ತು, ಆದರೆ ಅಜ್ಜನ ಆಲಿಕೆ ಅದನ್ನು ಹೊತ್ತು ತಂದು ಸೇತುವೆಯ ಮೇಲೆ ಇಳಿಸಿತು. ಮೆಲ್ಕ್ ಸಾಲುಸಾಲನ್ನೂ ಹಿಡಿದು, ತಪ್ಪಿಗಾಗಿ ಕಾದ. ಕಲ್ಲಿನಲ್ಲಿ ಇರಲಿಲ್ಲ, ಕಣಿವೆಯಲ್ಲಿ ಇರಲಿಲ್ಲ. ಮರಿಯ ಎಂಬಲ್ಲಿ ದನಿ ನಿಲ್ಲಬೇಕಾದಷ್ಟು ನಿಂತಿತು. ಅಪ್ಪನೂ ಅಷ್ಟೇ ನಿಲ್ಲಿಸುತ್ತಿದ್ದ, ತಾನು ಯಾವತ್ತೂ ಅಷ್ಟು ನಿಲ್ಲಿಸಿದ್ದಿಲ್ಲ. ವೆಂಡೆಲಿನ್‌ನಲ್ಲಾದರೂ ಎಡವುತ್ತಾನೆ ಎಂದುಕೊಂಡ. ಎಡವಲಿಲ್ಲ.

ಹಲ್ಲು ಕಚ್ಚಿಕೊಂಡೇ ಅವನು ಟೋಪಿ ತೆಗೆದ. ಸೇತುವೆಯ ಸಾಲು ಮುಗಿಯುವ ತನಕ ಬರಿದಲೆಯಲ್ಲಿ ನಿಂತಿದ್ದ.